ಇಪ್ಪತ್ತೈದು ಸೆಂಟಿಮೀಟರಿನ ಬಸಂತ್

ಬೆಳೆಗೆ ಔಷಧಿ ಹೊಡೆಯುವ ಕೆಲಸಕ್ಕೆಂದೇ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ ರೂಪಿಸಿದ ವಿಮಾನ ಎಚ್‌ಎ-31 ಬಸಂತ್. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಅದರ ಅಳತೆ 12 ಮೀಟರ್, ಮೂಗಿನಿಂದ ಬಾಲಕ್ಕೆ 9 ಮೀಟರ್. ಈ ಅಳತೆಗಳನ್ನು 48ರಿಂದ ಭಾಗಿಸಿದರೆ ರೆಕ್ಕೆ 250 ಮಿಲಿಮೀಟರ್ ಆಗುತ್ತದೆ, ಉದ್ದ 187.5 ಮಿಲಿಮೀಟರ್. ಊಟದ ಮೇಜಿನ ಒಂದು ಮೂಲೆಯಲ್ಲಿ ಕೂರಿಸಬಹುದಾದ ಈ ಗಾತ್ರಕ್ಕೆ ಇಡೀ ವಿಮಾನವನ್ನು ಇಳಿಸಿ, ಕಿಟ್‌ನ ಸಹಾಯವಿಲ್ಲದೆ, ಪ್ಲಾಸ್ಟಿಕ್ ಹಾಳೆ, ಮರ, ತಂತಿಗಳಿಂದ ಒಂದೊಂದು ಭಾಗವನ್ನೂ ಕೈಯಲ್ಲೇ ಮಾಡಿ ಜೋಡಿಸುವ ಕಲೆಗೆ ಹವ್ಯಾಸಿಗಳು ಸ್ಕ್ರ್ಯಾಚ್ ಬಿಲ್ಡಿಂಗ್ ಎನ್ನುತ್ತಾರೆ. ಬುಡದಿಂದ ಕಟ್ಟುವುದು ಎಂದರೆ ಕನ್ನಡಕ್ಕೆ ಹತ್ತಿರವಾದೀತು.

ಅಂಗಡಿಯಲ್ಲಿ ಸಿಗುವ ಕಿಟ್‌ನಲ್ಲಿ ಭಾಗಗಳು ಅಚ್ಚಿನಿಂದ ಬಂದಿರುತ್ತವೆ. ಕೊಂಡವರು ಅವನ್ನು ಕತ್ತರಿಸಿ, ಅಂಟಿಸಿ, ಬಣ್ಣ ಬಳಿಯುತ್ತಾರೆ. ಆದರೆ ಅಚ್ಚು ಮಾಡಿಸಲು ದೊಡ್ಡ ಬಂಡವಾಳ ಬೇಕು. ಹಾಗಾಗಿ ಕಿಟ್ ಕಂಪನಿಗಳು ಹೆಚ್ಚು ಮಾರಾಟವಾಗುವ ಯುದ್ಧವಿಮಾನಗಳತ್ತಲೇ ಮುಖ ಮಾಡುತ್ತವೆ. ಸ್ಪಿಟ್‌ಫೈರ್ ವಿಮಾನದ ಕಿಟ್‌ಗಳು ಲೆಕ್ಕವಿಲ್ಲದಷ್ಟು ಬಂದಿವೆ. ಹೊಲದ ಮೇಲೆ ಹಾರುವ ವಿಮಾನಗಳ ಕಿಟ್‌ಗಳನ್ನು ಬೆರಳೆಣಿಕೆಯಲ್ಲಿ ಮುಗಿಸಬಹುದು. ಬಸಂತ್‌ನಂಥ ವಿಮಾನ ಕಪಾಟಿನಲ್ಲಿ ನಿಲ್ಲಬೇಕಾದರೆ ಯಾರಾದರೂ ಬುಡದಿಂದ ಕಟ್ಟಲೇಬೇಕು. ಕಟ್ಟುವವರು ಮೊದಲು ತಿಳಿಯಬೇಕಾದದ್ದು ಆ ವಿಮಾನಕ್ಕೆ ಆ ರೂಪ ಏಕೆ ಬಂತು ಎಂಬುದನ್ನು. ಕೃಷಿ ವಿಮಾನದ ಮೈಯಲ್ಲಿ ಅಂದಕ್ಕೆಂದು ಎಳೆದ ಗೆರೆ ಇಲ್ಲವೆಂದೇ ಹೇಳಬಹುದು. ಒಂದೊಂದು ಉಬ್ಬಿಗೂ ತಗ್ಗಿಗೂ ಹೊಲದಲ್ಲಿ ಒಂದು ಕಾರಣವಿದೆ. ಆ ಕಾರಣ ತಿಳಿದ ಕೈ ಮಾದರಿಯಲ್ಲಿ ತಪ್ಪುವುದು ಕಡಿಮೆ.

ವಿಮಾನದಿಂದ ಕೀಟನಾಶಕ ಉದುರಿಸಿದ ಮೊದಲ ಪ್ರಸಿದ್ಧ ಪ್ರಯೋಗ ನಡೆದದ್ದು 1921ರ ಆಗಸ್ಟ್ 3ರಂದು, ಅಮೆರಿಕದ ಓಹಾಯೊ ರಾಜ್ಯದ ಟ್ರಾಯ್ ಊರಿನ ಬಳಿ. ಕಟಾಲ್ಪಾ ಮರಗಳ ತೋಪನ್ನು ಕಂಬಳಿಹುಳುಗಳು ಬೋಳಿಸುತ್ತಿದ್ದವು. ಸೇನೆಯ ಪೈಲಟ್ ಜಾನ್ ಮೆಕ್ರೆಡಿ ಕರ್ಟಿಸ್ ಜೆನ್ನಿ ವಿಮಾನದಲ್ಲಿ ತೋಪಿನ ಪಕ್ಕಕ್ಕೆ ಹಾರಿ ಸೀಸದ ಆರ್ಸೆನೇಟ್ ಪುಡಿಯನ್ನು ಗಾಳಿಗೆ ಬಿಟ್ಟರು. ಪುಡಿಯ ತೊಟ್ಟಿಯನ್ನು ರೂಪಿಸಿದವರು ಎಟಿಯೆನ್ ಡಾರ್ಮಾಯ್. ವಿಮಾನದ ಪಕ್ಕೆಗೆ ಕಟ್ಟಿದ ಆ ತೊಟ್ಟಿಯನ್ನು ಕೈಯಿಂದ ತಿರುಗಿಸಿ ಖಾಲಿ ಮಾಡಬೇಕಿತ್ತು. ಅಲ್ಲಿಂದ ಮುಂದೆ ಸುಮಾರು ಮೂವತ್ತು ವರ್ಷ ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಾದದ್ದು ಹಳೆಯ ತರಬೇತಿ ವಿಮಾನಗಳು, ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಸಿಕ್ಕ ಎರಡು ಅಂತಸ್ತಿನ ರೆಕ್ಕೆಯ ವಿಮಾನಗಳು. ಅವುಗಳಲ್ಲಿ ಔಷಧದ ತೊಟ್ಟಿಯನ್ನು ಸಾಮಾನ್ಯವಾಗಿ ಮುಂದಿನ ಆಸನ ತೆಗೆದು ಕೂರಿಸುತ್ತಿದ್ದರು. ಕಂಬ, ತಂತಿ, ಮರಗಳಿಗೆ ಬಡಿದು ಬಿದ್ದಾಗ ಪೈಲಟ್ ಬದುಕುವಂತೆ ಆ ವಿಮಾನಗಳನ್ನು ಯಾರೂ ವಿನ್ಯಾಸ ಮಾಡಿರಲಿಲ್ಲ.

ಈ ಕೊರತೆಯನ್ನು ನೇರವಾಗಿ ಎದುರಿಸಿದ್ದು ಟೆಕ್ಸಾಸ್ ಎ ಆ್ಯಂಡ್ ಎಂ ಕಾಲೇಜಿನಲ್ಲಿ ಫ್ರೆಡ್ ವೈಕ್ ರೂಪಿಸಿದ ಎಜಿ-1 ವಿಮಾನ. ಅದು ಮೊದಲು ಹಾರಿದ್ದು 1950ರ ಡಿಸೆಂಬರ್ 1ರಂದು. ವೈಕ್ ಪೈಲಟ್‌ನನ್ನು ತೊಟ್ಟಿಯ ಹಿಂದಕ್ಕೆ, ಎತ್ತರದ ಜಾಗಕ್ಕೆ ಒಯ್ದು ಕೂರಿಸಿದರು. ವಿಮಾನ ಮೂಗು ಮುಂದಾಗಿ ನೆಲಕ್ಕೆ ಬಡಿದರೆ ಮೊದಲು ಎಂಜಿನ್, ಆಮೇಲೆ ತೊಟ್ಟಿ, ಅದರ ಸುತ್ತಲಿನ ಉಕ್ಕಿನ ಕೊಳವೆಗಳು ಒಂದೊಂದಾಗಿ ನುಜ್ಜಾಗುತ್ತ ಪೆಟ್ಟಿನ ಬಲವನ್ನು ಹೀರುತ್ತವೆ; ಪೈಲಟ್‌ನ ಸುತ್ತಲಿನ ಗಟ್ಟಿ ಪಂಜರ ಉಳಿಯುತ್ತದೆ. ಎತ್ತರದ ಆಸನದಿಂದ ಉದ್ದ ಮೂಗಿನ ಮೇಲೆ ಹಾದು ಹೊಲದ ಅಂಚು ಕಾಣುತ್ತದೆ. ಮೂಗು ಮುಂದಕ್ಕೆ ಇಳಿಜಾರಾಗಿರುವುದೂ ಇದೇ ಕಾರಣಕ್ಕೆ. ವೈಕ್ ಮುಂದೆ ಪೈಪರ್ ಕಂಪನಿಗೆ ರೂಪಿಸಿದ ಪಾನಿ ವಿಮಾನ ಈ ವಿನ್ಯಾಸವನ್ನೇ ಹೊತ್ತು ಐದು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಆ ಬಳಿಕ ಬೇರೆ ಬೇರೆ ದೇಶಗಳಲ್ಲಿ ಬಂದ ಕೃಷಿ ವಿಮಾನಗಳ ಮುಖಚಹರೆಯಲ್ಲಿ ಅಣ್ಣತಮ್ಮಂದಿರ ಹೋಲಿಕೆ ಕಾಣುವುದಕ್ಕೆ ಕಾರಣ ಈ ಮೂಲ ವಿಚಾರ.

ಬಸಂತ್ ಆ ಕುಟುಂಬದ ಕೂಸು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಕಾರದಿಂದ 1940ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1964ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. ತರಬೇತಿಗೆ ಎಚ್‌ಟಿ-2, ಫ್ಲೈಯಿಂಗ್ ಕ್ಲಬ್‌ಗಳಿಗೆ ಪುಷ್ಪಕ್ ಅಲ್ಲಿಂದಲೇ ಬಂದವು. ಕೃಷಕ್ ಎಂಬ ಇನ್ನೊಂದು ವಿಮಾನವೂ ಅಲ್ಲಿಯದೇ. ಹೆಸರು ಕೇಳಿ ಅದನ್ನು ಕೃಷಿಯ ವಿಮಾನವೆಂದುಕೊಳ್ಳುವವರಿದ್ದಾರೆ. ಅದು ಸೇನೆಯ ವೀಕ್ಷಣೆಗೆಂದು ಮಾಡಿದ್ದು. ನಿಜವಾಗಿ ಹೊಲಕ್ಕೆಂದು ಹುಟ್ಟಿದ ಎಚ್‌ಎ-31ರ ಮೊದಲ ರೂಪ 1969ರಲ್ಲಿ ಹಾರಿತು. ಅದಕ್ಕೆ 250 ಅಶ್ವಶಕ್ತಿಯ ರೋಲ್ಸ್ ರಾಯ್ಸ್ ಕಾಂಟಿನೆಂಟಲ್ ಎಂಜಿನ್ ಇತ್ತು, ಪೈಲಟ್‌ನ ಕೋಣೆ ರೆಕ್ಕೆಯ ಮುಂದಂಚಿನ ಮೇಲೆಯೇ ಕುಳಿತಂತಿತ್ತು. ಆ ವಿನ್ಯಾಸವನ್ನು ಕೈಬಿಟ್ಟು ಹೆಚ್ಚುಕಡಿಮೆ ಹೊಸದಾಗಿಯೇ ರೂಪಿಸಿದ ಎರಡನೆಯ ಮಾದರಿ 1972ರ ಮಾರ್ಚ್ 30ರಂದು ಮೊದಲ ಹಾರಾಟ ನಡೆಸಿತು. ಅದಕ್ಕೆ 400 ಅಶ್ವಶಕ್ತಿಯ ಲೈಕಮಿಂಗ್ ಐಒ-720 ಎಂಜಿನ್. ವಸಂತ ಎಂಬ ಅರ್ಥದ ಬಸಂತ್ ಹೆಸರಿನಲ್ಲಿ ತಯಾರಾದದ್ದು ಇದೇ. 1980ರಲ್ಲಿ ಉತ್ಪಾದನೆ ನಿಂತಾಗ ಒಟ್ಟು 39 ವಿಮಾನಗಳಾಗಿದ್ದವು. ಮಾದರಿ ಕಟ್ಟುವವರು ಈ ಎರಡು ರೂಪಗಳ ಚಿತ್ರಗಳನ್ನು ಬೆರೆಸಬಾರದು. ಎರಡಕ್ಕೂ ಎಚ್‌ಎ-31 ಎಂಬ ಒಂದೇ ಸಂಖ್ಯೆ ಇರುವುದರಿಂದ ಚಿತ್ರ ಸಂಗ್ರಹಿಸುವಾಗ ಅವು ಒಂದೇ ಕಟ್ಟಿಗೆ ಸೇರಿಹೋಗುತ್ತವೆ.

ಕೆಲಸ ಶುರುವಾಗುವುದು ಕತ್ತರಿಯಿಂದಲ್ಲ, ಗಣಿತದಿಂದ. 1:48 ಪ್ರಮಾಣದಲ್ಲಿ ಉದ್ದವೆಲ್ಲ 48 ಪಾಲು ಕುಗ್ಗುತ್ತದೆ, ವಿಸ್ತೀರ್ಣ 2,304 ಪಾಲು, ಗಾತ್ರ 1,10,592 ಪಾಲು. ಬಸಂತ್‌ನ ರೆಕ್ಕೆಯ ವಿಸ್ತೀರ್ಣ 23.34 ಚದರ ಮೀಟರ್. ಮಾದರಿಯಲ್ಲಿ ಅದು ಸುಮಾರು 101 ಚದರ ಸೆಂಟಿಮೀಟರ್, ಅಂದರೆ ಒಂದು ಅಂಚೆ ಕಾರ್ಡಿಗಿಂತ ಸ್ವಲ್ಪ ಕಡಿಮೆ. ವಿಸ್ತೀರ್ಣವನ್ನು ರೆಕ್ಕೆಯ ಉದ್ದದಿಂದ ಭಾಗಿಸಿದರೆ ಸರಾಸರಿ ಅಗಲ 1.945 ಮೀಟರ್, ಮಾದರಿಯಲ್ಲಿ 40.5 ಮಿಲಿಮೀಟರ್. ನಕ್ಷೆಯಲ್ಲಿ ಅಳೆದ ಅಗಲ ಇದಕ್ಕಿಂತ ತೀರ ಬೇರೆ ಬಂದರೆ ನಕ್ಷೆಯಲ್ಲೇ ದೋಷವಿದೆ ಎಂದು ತಿಳಿಯಬೇಕು. ಹಾರಾಟಕ್ಕೆ ಏಳುವಾಗಿನ ಗರಿಷ್ಠ ತೂಕ 2,270 ಕಿಲೋಗ್ರಾಂ. ಗಾತ್ರದ ಪಾಲಿನ ಲೆಕ್ಕದಲ್ಲಿ ಮಾದರಿ ಸುಮಾರು 20.5 ಗ್ರಾಂ ತೂಗಬೇಕು. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಮಾದರಿ ಇದಕ್ಕಿಂತ ಹೆಚ್ಚೇ ತೂಗುತ್ತದೆ. ಹಾಗಾಗಿ ಅದರ ಪುಟ್ಟ ಕಾಲುಗಳು ಈ ಲೆಕ್ಕಕ್ಕಿಂತ ಹೆಚ್ಚಿನ ಹೊರೆ ಹೊರುತ್ತವೆ.

ನಕ್ಷೆ ಸಿಗುವುದು ಸುಲಭವಲ್ಲ. ಹಳೆಯ ವಾಯುಯಾನ ಪುಸ್ತಕಗಳಲ್ಲಿ, ಮುಖ್ಯವಾಗಿ ಜೇನ್ಸ್ ವಾರ್ಷಿಕ ಸಂಪುಟಗಳಲ್ಲಿ, ವಿಮಾನಗಳ ಮೂರು ನೋಟದ ರೇಖಾಚಿತ್ರಗಳಿರುತ್ತವೆ: ಮೇಲಿನಿಂದ, ಪಕ್ಕದಿಂದ, ಎದುರಿನಿಂದ. ಅವು ಬೆರಳುದ್ದದ ಚಿತ್ರಗಳು. ಅವುಗಳನ್ನು ಹಿಗ್ಗಿಸುವಾಗ ಗೆರೆಯ ದಪ್ಪವೂ ಹಿಗ್ಗುತ್ತದೆ ಎಂಬುದನ್ನು ಹೊಸಬರು ಮರೆಯುತ್ತಾರೆ. 100 ಮಿಲಿಮೀಟರ್ ರೆಕ್ಕೆಯ ಚಿತ್ರದಲ್ಲಿ ಗೆರೆ 0.3 ಮಿಲಿಮೀಟರ್ ದಪ್ಪವಿದ್ದರೆ, 250ಕ್ಕೆ ಹಿಗ್ಗಿಸಿದಾಗ ಅದು 0.75 ಆಗುತ್ತದೆ. ನಿಜವಾದ ವಿಮಾನದ ಮೇಲೆ ಅಷ್ಟು ಜಾಗ 36 ಮಿಲಿಮೀಟರ್. ಗೆರೆಯ ಒಳಗೆ ಕತ್ತರಿಸಬೇಕೋ ಹೊರಗೋ ಎಂಬ ಒಂದು ತೀರ್ಮಾನ ಒಡಲಿನ ಆಕಾರವನ್ನೇ ಬದಲಿಸಬಲ್ಲದು. ಗೆರೆಯ ನಡುಮಧ್ಯಕ್ಕೆ ಕತ್ತರಿಸುವುದನ್ನು ರೂಢಿ ಮಾಡಿಕೊಂಡರೆ ತಪ್ಪುಗಳು ಒಂದೇ ಕಡೆಗೆ ಕೂಡುತ್ತ ಹೋಗುವುದಿಲ್ಲ.

ರೇಖಾಚಿತ್ರ ಹೇಳದೆ ಬಿಟ್ಟದ್ದನ್ನು ಫೋಟೋಗಳು ಹೇಳುತ್ತವೆ. ಹತ್ತಿರದಿಂದ ತೆಗೆದ ಫೋಟೋದಲ್ಲಿ ಮೂಗು ದೊಡ್ಡದಾಗಿ, ಬಾಲ ಸಣ್ಣದಾಗಿ ಕಾಣುತ್ತದೆ. ಅದರ ಮೇಲೆ ಅಳತೆಪಟ್ಟಿ ಇಟ್ಟು ಪ್ರಯೋಜನವಿಲ್ಲ. ದೂರದಿಂದ, ನೇರ ಪಕ್ಕದಿಂದ ತೆಗೆದ ಚಿತ್ರ ಬೇಕು. ಒಟ್ಟು ಉದ್ದ 9 ಮೀಟರ್ ಎಂದು ಗೊತ್ತಿರುವುದರಿಂದ ಅಂಥ ಚಿತ್ರದಲ್ಲಿ ಮೂಗಿನಿಂದ ಬಾಲದವರೆಗಿನ ಅಂತರವನ್ನು ಅಳೆದು, ಉಳಿದ ಭಾಗಗಳನ್ನು ಅದರ ಅನುಪಾತದಲ್ಲಿ ಲೆಕ್ಕ ಹಾಕಬಹುದು. ಎರಡು ಮೂರು ಚಿತ್ರಗಳಲ್ಲಿ ಒಂದೇ ಉತ್ತರ ಬಂದರೆ ನಂಬಬಹುದು. ಎತ್ತರದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಬಸಂತ್‌ನ ಎತ್ತರ 2.55 ಮೀಟರ್ ಎಂದು ದಾಖಲೆಗಳು ಹೇಳುತ್ತವೆ. ಆದರೆ ಬಾಲದ ಕೆಳಗೆ ಪುಟ್ಟ ಚಕ್ರವಿರುವ ವಿಮಾನಗಳಲ್ಲಿ ಎತ್ತರವನ್ನು ಬಾಲ ನೆಲಕ್ಕೆ ತಾಗಿದಾಗ ಅಳೆಯುವುದುಂಟು, ಹಾರುವ ಭಂಗಿಯಲ್ಲಿ ಮಟ್ಟವಾಗಿ ನಿಲ್ಲಿಸಿ ಅಳೆಯುವುದೂ ಉಂಟು. ಎರಡನ್ನೂ ಕಾಗದದ ಮೇಲೆ ಬರೆದು ಫೋಟೋಗೆ ಹೋಲಿಸದೆ ಕಾಲುಗಳ ಉದ್ದವನ್ನು ತೀರ್ಮಾನಿಸಬಾರದು. ನೆಲದ ಮೇಲೆ ಮೂಗೆತ್ತಿ ಕೂತ ಭಂಗಿ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ಮಾದರಿ ಬೇರೆಯದೇ ವಿಮಾನದಂತೆ ಕಾಣುತ್ತದೆ.

ಮುಖ್ಯ ಸಾಮಗ್ರಿ ಪಾಲಿಸ್ಟೈರೀನ್ ಹಾಳೆ. 0.25 ಮಿಲಿಮೀಟರ್‌ನಿಂದ 2 ಮಿಲಿಮೀಟರ್‌ವರೆಗಿನ ದಪ್ಪಗಳಲ್ಲಿ ಅದು ಸಿಗುತ್ತದೆ. ಚೂಪು ಅಲಗಿನಿಂದ ಅರ್ಧ ಗೀರಿ ಮಡಿಸಿದರೆ ಗೆರೆಯುದ್ದಕ್ಕೂ ನೇರವಾಗಿ ಮುರಿಯುತ್ತದೆ, ಬಿಸಿನೀರಿಗೆ ಬಾಗುತ್ತದೆ. ಅದಕ್ಕೆ ಬಳಸುವ ತೆಳು ದ್ರಾವಕ ಅಂಟು ಎರಡು ತುಂಡುಗಳ ಮೇಲ್ಮೈಯನ್ನೇ ಕರಗಿಸಿ ಒಂದಾಗಿಸುತ್ತದೆ. ಈ ದ್ರಾವಕದ ಆವಿ ಒಳ್ಳೆಯದಲ್ಲ. ಕಿಟಕಿ ತೆರೆದಿಟ್ಟು, ಮಕ್ಕಳಿಂದ ದೂರವಿಟ್ಟು ಬಳಸಬೇಕು. ಲೋಹವನ್ನು ಪ್ಲಾಸ್ಟಿಕ್ಕಿಗೆ ಹಿಡಿಸಲು ಫೆವಿಕ್ವಿಕ್ ಜಾತಿಯ ಅಂಟು, ಭಾರ ಹೊರುವ ಕಡೆಗೆ ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ. ದುಂಡಾದ ಭಾಗಗಳ ಅಚ್ಚಿಗೆ ಮರ ಬೇಕು. ಬಾಲ್ಸಾ ಹಗುರ, ಆದರೆ ಅದರ ರಂಧ್ರಗಳನ್ನು ತುಂಬುವುದೇ ದೊಡ್ಡ ಕೆಲಸ. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆ ಮರ ಮೃದು, ಎಳೆ ನಯ. ಚಿಕ್ಕ ಅಚ್ಚುಗಳನ್ನು ಕೆತ್ತಲು ಅದು ಚೆನ್ನಾಗಿ ಒದಗುತ್ತದೆ.

ಕೃಷಿ ವಿಮಾನದ ಒಡಲು ಕಟ್ಟುವವರಿಗೆ ಅನುಕೂಲಕರ. ಉಕ್ಕಿನ ಕೊಳವೆಗಳ ಚೌಕಟ್ಟಿಗೆ ತಗಡು ಹೊದಿಸುವ ಪದ್ಧತಿಯಿಂದಾಗಿ ಈ ವರ್ಗದ ವಿಮಾನಗಳ ಪಕ್ಕೆಗಳು ಸಾಮಾನ್ಯವಾಗಿ ಚಪ್ಪಟೆ. ದಿನದ ಕೊನೆಗೆ ತಗಡುಗಳನ್ನು ಬಿಚ್ಚಿ ಒಳಗಿನ ಔಷಧದ ಪುಡಿ ತೊಳೆಯಬೇಕು. ತೊಳೆಯದಿದ್ದರೆ ಲೋಹ ತುಕ್ಕು ಹಿಡಿಯುತ್ತದೆ. ಮಾದರಿಯಲ್ಲಿ ಮೊದಲು ಪಕ್ಕದ ನೋಟವನ್ನು 1 ಮಿಲಿಮೀಟರ್ ಹಾಳೆಯಲ್ಲಿ ಬೆನ್ನೆಲುಬಿನಂತೆ ಕತ್ತರಿಸಿ, ಅದಕ್ಕೆ ಅಡ್ಡಲಾಗಿ ಒಂದೊಂದು ಜಾಗದ ಅಗಲಕ್ಕೆ ತಕ್ಕ ಅಡ್ಡತಟ್ಟೆಗಳನ್ನು ನಿಲ್ಲಿಸುತ್ತಾರೆ. ಪಕ್ಕೆಗಳಿಗೆ ಹಾಳೆ ಹೊದಿಸಿ, ಬೆನ್ನಿನ ದುಂಡು ಭಾಗಕ್ಕೆ ಮರ ಅಥವಾ ಪಟ್ಟಿ ತುಂಬಿ ಉಜ್ಜುತ್ತಾರೆ. ಬಾಗಿದ ತೊಗಟೆ ಬೇಕಾದ ಕಡೆ ತೆಳು ಹಾಳೆಯನ್ನು ಗಾಜಿನ ಬಾಟಲಿಗೆ ಸುತ್ತಿ, ಟೇಪ್ ಹಾಕಿ, ಕುದಿಯುವ ನೀರು ಸುರಿದು ತಣಿಸಿದರೆ ಬಾಗು ಹಾಗೇ ನಿಲ್ಲುತ್ತದೆ. ಒಡಲನ್ನು ಮುಚ್ಚುವ ಮೊದಲು ಎರಡು ಕೆಲಸ ಮುಗಿದಿರಬೇಕು: ರೆಕ್ಕೆಯ ಕಂಬಿ ಹಾದುಹೋಗುವ ತೂತು, ಪೈಲಟ್‌ನ ಕೋಣೆಯ ಒಳಾಂಗಣ.

ರೆಕ್ಕೆಗೆ ಕೆಳಗೊಂದು 1 ಮಿಲಿಮೀಟರ್ ಹಾಳೆ, ಮೇಲೊಂದು 0.5 ಮಿಲಿಮೀಟರ್ ಹಾಳೆ, ನಡುವೆ ಮುಂದಂಚಿನಿಂದ ಮೂರನೇ ಒಂದು ಭಾಗದಷ್ಟು ಹಿಂದೆ ಕಂಬಿಯಾಗಿ ಒಂದು ಪಟ್ಟಿ. ಮೇಲಿನ ಹಾಳೆಯನ್ನು ಮೊದಲೇ ಕೊಳವೆಯ ಮೇಲೆ ಉರುಳಿಸಿ ಬಾಗಿಸಿಟ್ಟರೆ ಅದು ಕಂಬಿಯ ಮೇಲೆ ಕಮಾನಾಗಿ ಕೂರುತ್ತದೆ. ಹಿಂದಂಚು ತೆಳುವಾಗದೆ ಮಾದರಿ ನಂಬಿಕೆ ಹುಟ್ಟಿಸುವುದಿಲ್ಲ. ನಿಜವಾದ ರೆಕ್ಕೆಯ ಹಿಂದಂಚು 5 ಮಿಲಿಮೀಟರ್ ದಪ್ಪವಿದ್ದರೆ ಇಲ್ಲಿ ಅದು 0.1 ಮಿಲಿಮೀಟರ್ ಆಗಬೇಕು, ಅಂದರೆ ಬರೆಯುವ ಕಾಗದದಷ್ಟು. ಅಂಟಿಸುವ ಮುನ್ನವೇ ಎರಡೂ ಹಾಳೆಗಳ ಒಳಬದಿಯನ್ನು ಉಜ್ಜಿ ಇಳಿಜಾರು ಮಾಡಿಟ್ಟುಕೊಂಡರೆ ಇದು ಸಾಧ್ಯ. ರೆಕ್ಕೆಯ ತುದಿಗಳು ಬುಡಕ್ಕಿಂತ ಎಷ್ಟು ಮೇಲಿರಬೇಕೆಂಬುದನ್ನು ಕಣ್ಣಂದಾಜಿಗೆ ಬಿಡಬಾರದು. ಉದಾಹರಣೆಗೆ 5 ಡಿಗ್ರಿ ಏರಿಕೆ ಎಂದರೆ 125 ಮಿಲಿಮೀಟರ್ ದೂರದ ತುದಿ 10.9 ಮಿಲಿಮೀಟರ್ ಎತ್ತರದಲ್ಲಿರಬೇಕು. ಅಷ್ಟೇ ಎತ್ತರದ ಎರಡು ರಟ್ಟಿನ ತುಂಡುಗಳನ್ನು ತುದಿಗಳ ಕೆಳಗಿಟ್ಟು ಅಂಟು ಒಣಗುವವರೆಗೆ ಮುಟ್ಟದಿದ್ದರೆ ಎರಡೂ ಕಡೆ ಸಮನಾಗುತ್ತವೆ.

ಬಸಂತ್‌ನ ರೆಕ್ಕೆ ಒಡಲಿನ ಕೆಳಗಿದೆ. ಅದನ್ನು ಹಿಡಿದಿಡುವ ಸ್ಟ್ರಟ್ ಎಂಬ ಆಧಾರದ ಕಡ್ಡಿಗಳು ರೆಕ್ಕೆಯ ಮೇಲ್ಭಾಗದಿಂದ ಒಡಲಿಗೆ ಏರುತ್ತವೆ. ರೆಕ್ಕೆ ಮೇಲಿರುವ ಪುಷ್ಪಕ್‌ನಂಥ ವಿಮಾನಗಳಲ್ಲಿ ಹಾರುವಾಗ ಈ ಕಡ್ಡಿಗಳು ಎಳೆತಕ್ಕೆ ಒಳಗಾಗುತ್ತವೆ. ಬಸಂತ್‌ನಲ್ಲಿ ಅವು ಒತ್ತಡ ತಡೆಯಬೇಕು. ಒತ್ತಿದಾಗ ಬಾಗದಿರಲು ಕಡ್ಡಿ ದಪ್ಪವಾಗಿರಬೇಕು. ಮಾದರಿಯಲ್ಲಿ ಹಿತ್ತಾಳೆಯ ಸಣ್ಣ ಕೊಳವೆಯನ್ನು ಇಕ್ಕಳದಲ್ಲಿ ಮೆಲ್ಲಗೆ ಅದುಮಿ ಚಪ್ಪಟೆ ಮಾಡಿ, ಅಂಚುಗಳನ್ನು ಅರದಿಂದ ಉಜ್ಜಿದರೆ ಗಾಳಿ ಸೀಳುವ ಆಕಾರ ಬರುತ್ತದೆ. ಎರಡೂ ತುದಿಗಳಲ್ಲಿ 0.5 ಮಿಲಿಮೀಟರ್ ತಂತಿಯ ಮೊಳೆ ಬಿಟ್ಟು, ರೆಕ್ಕೆಗೂ ಒಡಲಿಗೂ ತೂತು ಕೊರೆದು ಸಿಕ್ಕಿಸಬೇಕು. ಬರೇ ಅಂಟಿನ ಮೇಲೆ ನಿಂತ ಕಡ್ಡಿ ಮೊದಲ ಧೂಳು ಒರೆಸುವ ದಿನವೇ ಬಿದ್ದುಹೋಗುತ್ತದೆ. ಚಕ್ರದ ಕಾಲುಗಳಿಗೂ ಒಳಗೆ ಉಕ್ಕಿನ ತಂತಿ ಬೇಕು. ಗಿಟಾರ್ ತಂತಿ ಒಳ್ಳೆಯ ಆಯ್ಕೆ. ಮೂಗಿನ ಕೆಳಗೆ ಚಕ್ರವಿರುವ ವಿಮಾನಗಳ ಮಾದರಿಗೆ ಬಾಲ ಕುಸಿಯದಂತೆ ಮೂಗಿನಲ್ಲಿ ಸೀಸ ತುಂಬಬೇಕಾಗುತ್ತದೆ. ಬಾಲಚಕ್ರದ ಬಸಂತ್‌ಗೆ ಆ ತಾಪತ್ರಯವಿಲ್ಲ.

ಪೈಲಟ್‌ನ ಕೋಣೆ ಎತ್ತರದಲ್ಲಿದ್ದು ಸುತ್ತಲೂ ಗಾಜಿರುವುದರಿಂದ ಒಳಗಿನದೆಲ್ಲ ಹೊರಗೆ ಕಾಣುತ್ತದೆ. ಚಪ್ಪಟೆಯಾದ ಗಾಜುಗಳನ್ನು ಪಾರದರ್ಶಕ ಹಾಳೆಯಿಂದ ನೇರ ಕತ್ತರಿಸಬಹುದು. ಬಾಗಿದ ಗಾಜಿಗೆ ಮರದ ಅಚ್ಚು ಬೇಕು. ಹಾಳೆಯ ದಪ್ಪದಷ್ಟು ಸಣ್ಣದಾಗಿ ಅಚ್ಚನ್ನು ಕೆತ್ತಿ, ತೆಳು ಅಂಟು ಕುಡಿಸಿ ಗಟ್ಟಿ ಮಾಡಿ, 1200ನೇ ನಂಬರಿನ ಎಮರಿ ಕಾಗದದವರೆಗೆ ಉಜ್ಜಬೇಕು. ಅಚ್ಚಿನ ಮೇಲಿನ ಒಂದು ಗೀರು ಗಾಜಿನ ಮೇಲೆ ಹಾಗೇ ಮೂಡುತ್ತದೆ. ಹೊಸ ಅಂಗಿಯ ಪೆಟ್ಟಿಗೆಯ ಅಥವಾ ಸಿಹಿತಿಂಡಿ ಡಬ್ಬದ ಪಾರದರ್ಶಕ ಮುಚ್ಚಳವೂ ಈ ಕೆಲಸಕ್ಕೆ ಆಗುತ್ತದೆ. ಅದನ್ನು ಅಚ್ಚಿನ ಆಕಾರದ ತೂತಿರುವ ಪ್ಲೈವುಡ್‌ಗೆ ಬಿಗಿದು, ಒಲೆಯ ಮೇಲೆ ದೂರದಿಂದ ಕಾಯಿಸಿ, ಹಾಳೆ ಜೋತುಬೀಳತೊಡಗಿದ ಕ್ಷಣ ಅಚ್ಚನ್ನು ಒತ್ತಬೇಕು. ಹೆಚ್ಚು ಕಾದರೆ ಹಾಳೆ ಮಬ್ಬಾಗುತ್ತದೆ, ಕಡಿಮೆ ಕಾದರೆ ಸುಕ್ಕುಗಟ್ಟುತ್ತದೆ. ಮೊದಲ ನಾಲ್ಕೈದು ಪ್ರಯತ್ನಗಳು ಕೆಡುವುದು ಸಹಜ; ಒಳ್ಳೆಯದೊಂದು ಬಂದ ಮೇಲೂ ಇನ್ನೊಂದನ್ನು ಮಾಡಿ ಎತ್ತಿಡುವುದು ಜಾಣತನ. ಒಳಗೆ ಆಸನ, ನಿಯಂತ್ರಣದ ಕೋಲು, ಉಪಕರಣಗಳ ಫಲಕ, ಭುಜದ ಪಟ್ಟಿಗಳು ಇರಬೇಕು. ಪೈಲಟ್ ಗೊಂಬೆ ಕೂರಿಸುವುದಾದರೆ 1.75 ಮೀಟರ್ ಎತ್ತರದ ಮನುಷ್ಯ ಇಲ್ಲಿ 36.5 ಮಿಲಿಮೀಟರ್.

ಎಂಜಿನ್ ಇಡೀ ಮುಚ್ಚಿಕೊಂಡಿರುತ್ತದೆ. ಆದರೂ ಅದರ ಸ್ವರೂಪವೇ ಮೂಗಿನ ಆಕಾರವನ್ನು ತೀರ್ಮಾನಿಸಿದೆ. ಐಒ-720 ಎಂಜಿನ್‌ನಲ್ಲಿ ಎಂಟು ಸಿಲಿಂಡರ್‌ಗಳು ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕರಂತೆ ಮಲಗಿವೆ. ಒಟ್ಟು ಗಾತ್ರ 720 ಘನ ಅಂಗುಲ, ಹೆಚ್ಚುಕಡಿಮೆ 11.8 ಲೀಟರ್. ಹಾಗಾಗಿ ಮೂಗು ದುಂಡಗಿಲ್ಲ, ಅಗಲವಾಗಿದೆ. ಅದನ್ನು ಒಂದೇ ಮರದ ತುಂಡಿನಿಂದ ಕೆತ್ತಿ, ಗಾಳಿ ನುಗ್ಗುವ ಬಾಯಿಗಳನ್ನು ಕೊರೆದು, ಒಳಗೆ ಕಪ್ಪು ಬಳಿದರೆ ಸಾಕು. ಪ್ರೊಪೆಲರ್‌ಗೆ ಮೂರು ಅಲಗು. ಮೂರನ್ನೂ 120 ಡಿಗ್ರಿ ಅಂತರದಲ್ಲಿ, ಒಂದೇ ಓರೆಯಲ್ಲಿ ನಿಲ್ಲಿಸಲು ಕಾಗದದ ಮೇಲೆ ಕೋನ ಬರೆದು ಅದರ ಮೇಲೆಯೇ ಜೋಡಿಸುತ್ತಾರೆ.

ಮಾದರಿಯನ್ನು ನಿಜವಾಗಿ ಕೃಷಿ ವಿಮಾನವಾಗಿಸುವುದು ಔಷಧಿ ಹೊಡೆಯುವ ಸಲಕರಣೆ. ಬೇರೆಲ್ಲ ಕೆಲಸದಲ್ಲಿ ತೋರಿದ ಶ್ರದ್ಧೆಗೆ ಇಮ್ಮಡಿ ಇಲ್ಲಿ ಬೇಕು. ತೊಟ್ಟಿಯ ಬಾಯಿ ಒಡಲಿನ ಮೇಲೆ, ಪೈಲಟ್‌ನ ಮುಂದಿನ ಗಾಜಿನೆದುರು ಇರುತ್ತದೆ. ಪುಡಿ ತುಂಬುವವರು ಅಲ್ಲಿಂದ ಸುರಿಯುತ್ತಾರೆ. ಹೊಟ್ಟೆಯ ಕೆಳಗೆ ತೆರೆಯುವ ಬಾಗಿಲು. ಪುಡಿ ಅಥವಾ ಗೊಬ್ಬರ ಹಾಕುವಾಗ ಆ ಬಾಗಿಲಿನ ಕೆಳಗೆ ಬೀಸಣಿಗೆಯಂತೆ ಹಿಂದಕ್ಕೆ ಅಗಲವಾಗುವ ತಗಡಿನ ಹರಡುಗ ಕಟ್ಟುತ್ತಾರೆ. ದ್ರವ ಹೊಡೆಯುವಾಗ ಅದನ್ನು ತೆಗೆದು, ರೆಕ್ಕೆಯ ಹಿಂದಂಚಿಗೆ ಉದ್ದ ಕೊಳವೆಗಳನ್ನು ಜೋಡಿಸುತ್ತಾರೆ. ಎರಡನ್ನೂ ಒಟ್ಟಿಗೆ ಹಾಕಿದ ಮಾದರಿ ನೋಡಲು ಸಮೃದ್ಧವಾಗಿ ಕಂಡರೂ ಕೆಲಸದ ದೃಷ್ಟಿಯಿಂದ ತಪ್ಪು. ಯಾವ ದಿನದ, ಯಾವ ಕೆಲಸದ ಬಸಂತ್ ಎಂಬುದನ್ನು ಕಟ್ಟುವವರು ಮೊದಲೇ ನಿರ್ಧರಿಸಬೇಕು.

ಕೊಳವೆಗಳು ರೆಕ್ಕೆಯ ತುದಿಯವರೆಗೆ ಹೋಗದಿರುವುದಕ್ಕೂ ಕಾರಣವಿದೆ. ಹಾರುವ ರೆಕ್ಕೆಯ ತುದಿಯಲ್ಲಿ ಕೆಳಗಿನ ಗಾಳಿ ಮೇಲಕ್ಕೆ ಸುತ್ತಿಕೊಂಡು ಸುಳಿಯಾಗುತ್ತದೆ. ಆ ಸುಳಿಗೆ ಸಿಕ್ಕ ಹನಿಗಳು ಬೆಳೆಯ ಮೇಲೆ ಬೀಳದೆ ಮೇಲೆದ್ದು ಪಕ್ಕದ ಹೊಲಕ್ಕೋ ಕೆರೆಗೋ ಹೋಗುತ್ತವೆ. ಕೊಳವೆಯನ್ನು ರೆಕ್ಕೆಯ ಮುಕ್ಕಾಲು ಉದ್ದದ ಆಸುಪಾಸಿನಲ್ಲಿ ನಿಲ್ಲಿಸಬೇಕೆಂಬ ನಿಯಮ ರೂಢಿಗೆ ಬಂದದ್ದು ಹೀಗೆ. ಈ ಲೆಕ್ಕದಲ್ಲಿ 250 ಮಿಲಿಮೀಟರ್ ರೆಕ್ಕೆಯ ಎರಡೂ ತುದಿಗಳಲ್ಲಿ 31 ಮಿಲಿಮೀಟರ್‌ನಷ್ಟು ಬರಿದಾಗಿರುತ್ತದೆ. ಹಳೆಯ ವಿಮಾನಗಳಲ್ಲಿ ಇನ್ನೂ ಉದ್ದದ ಕೊಳವೆಗಳೂ ಇದ್ದುದರಿಂದ ಕೊನೆಯ ಮಾತು ಫೋಟೋದ್ದೇ. 48 ಮಿಲಿಮೀಟರ್ ದಪ್ಪದ ಕೊಳವೆ ಇಲ್ಲಿ 1 ಮಿಲಿಮೀಟರ್ ಹಿತ್ತಾಳೆ ಕೊಳವೆಯಾಗುತ್ತದೆ. ಅದರ ಮೇಲಿನ ನಾಝಲ್‌ಗಳನ್ನು ಚಿತ್ರದಲ್ಲಿ ಎಣಿಸಿ, ಸಮ ಅಂತರದಲ್ಲಿ ತೂತು ಕೊರೆದು, ತಂತಿಯ ಚೂರುಗಳನ್ನು ಒಂದೊಂದಾಗಿ ನೆಡಬೇಕು. ಒಂದು ರಟ್ಟಿನ ಮೇಲೆ ಅಂತರಗಳನ್ನು ಗುರುತು ಹಾಕಿ ಅದನ್ನೇ ಕೊಳವೆಯ ಪಕ್ಕಕ್ಕಿಟ್ಟು ಕೊರೆದರೆ ಸಾಲು ಸೊಟ್ಟಗಾಗದು. ದ್ರವವನ್ನು ಕೊಳವೆಗೆ ತಳ್ಳುವ ಪಂಪನ್ನು ಅನೇಕ ಕೃಷಿ ವಿಮಾನಗಳಲ್ಲಿ ಹೊಟ್ಟೆಯ ಕೆಳಗಿನ ಒಂದು ಪುಟ್ಟ ಗಾಳಿಚಕ್ರ ತಿರುಗಿಸುತ್ತದೆ. ಬೆರಳುಗುರಿನಷ್ಟಿರುವ ಆ ಚಕ್ರ ಮಾದರಿಯ ಕೆಳಗೆ ಇದೆಯೇ ಎಂದು ಬಲ್ಲವರು ಬಗ್ಗಿ ನೋಡುತ್ತಾರೆ.

ಬೆಳೆಯ ತುದಿಯಿಂದ ಮೂರ್ನಾಲ್ಕು ಮೀಟರ್ ಎತ್ತರದಲ್ಲಿ ಹಾರುವ ವಿಮಾನಕ್ಕೆ ದೊಡ್ಡ ಶತ್ರು ವಿದ್ಯುತ್ ತಂತಿ. ಹಾಗಾಗಿ ಈ ವರ್ಗದ ವಿಮಾನಗಳಲ್ಲಿ ಮುಂದಿನ ಗಾಜಿನ ನಡುವೆ, ಚಕ್ರದ ಕಾಲುಗಳ ಮುಂದಂಚಿನಲ್ಲಿ ತಂತಿ ಕತ್ತರಿಸುವ ಅಲಗುಗಳಿರುತ್ತವೆ. ಕೋಣೆಯ ಮಾಡಿನಿಂದ ಬಾಲದ ತುದಿಗೆ ಬಿಗಿಯಾದ ಉಕ್ಕಿನ ಹಗ್ಗವೊಂದಿರುತ್ತದೆ. ಅಲಗಿಗೆ ಸಿಗದೆ ಜಾರಿದ ತಂತಿ ಬಾಲವನ್ನು ಕೀಳದಂತೆ ಮೇಲಕ್ಕೆ ದಾಟಿಸುವುದು ಅದರ ಕೆಲಸ. 5 ಮಿಲಿಮೀಟರ್ ಹಗ್ಗ ಮಾದರಿಯಲ್ಲಿ 0.1 ಮಿಲಿಮೀಟರ್. ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ಹಿಡಿದು, ಮೆತ್ತಗಾದೊಡನೆ ಎರಡೂ ಕಡೆಗೆ ಎಳೆದರೆ ಕೂದಲಿನಂಥ ಎಳೆ ಸಿಗುತ್ತದೆ. ಅಂಟಿಸಿದ ಮೇಲೆ ಊದುಬತ್ತಿಯ ಕೆಂಡವನ್ನು ತಾಗಿಸದೆ ಹತ್ತಿರ ತಂದರೆ ಎಳೆ ತಾನೇ ಬಿಗಿಯುತ್ತದೆ.

ಮೈಮೇಲಿನ ರಿವೆಟ್‌ಗಳ ವಿಷಯದಲ್ಲಿ ಕೈ ಬಿಗಿ ಹಿಡಿಯುವುದೇ ಸರಿ. 5 ಮಿಲಿಮೀಟರ್ ತಲೆಯ ರಿವೆಟ್ ಇಲ್ಲಿ 0.1 ಮಿಲಿಮೀಟರ್ ಚುಕ್ಕೆ, ಬಣ್ಣದ ಪದರದಲ್ಲೇ ಮುಳುಗಿಹೋಗುವಂಥದ್ದು. ಕಣ್ಣಿಗೆ ಹೊಡೆಯುವಂತೆ ಮೈತುಂಬ ರಿವೆಟ್ ಚುಚ್ಚಿದ ಮಾದರಿ ಶ್ರಮವನ್ನು ತೋರಿಸುತ್ತದೆ, ವಿಮಾನವನ್ನು ತೋರಿಸುವುದಿಲ್ಲ. ಬಿಚ್ಚುವ ತಗಡುಗಳ ಅಂಚುಗಳನ್ನು ಮಾತ್ರ ಸೂಜಿಯಿಂದ ನವಿರಾಗಿ ಗೀರಿದರೆ ಸಾಕು.

ಬಣ್ಣಕ್ಕೆ ಮೊದಲು ಬೂದು ಬಣ್ಣದ ಪ್ರೈಮರ್ ಬಳಿಯುತ್ತಾರೆ. ಅದುವರೆಗೆ ಕಾಣದಿದ್ದ ಗೀರು, ಸಂದುಗಳೆಲ್ಲ ಆಗ ಎದ್ದು ಕಾಣುತ್ತವೆ. ತುಂಬಿ, ಉಜ್ಜಿ, ಮತ್ತೆ ಬಳಿಯಬೇಕು. ದೂರದಿಂದ ಕಣ್ಣಿಗೆ ಬೀಳಲೆಂದು ಕೃಷಿ ವಿಮಾನಗಳಿಗೆ ಹಳದಿಯಂಥ ಗಾಢ ಬಣ್ಣಗಳನ್ನು ಬಳಿಯುವ ವಾಡಿಕೆಯಿದೆ. ಹಳದಿ ತೆಳು ಬಣ್ಣವಾದ್ದರಿಂದ ಕೆಳಗೆ ಬಿಳಿಯ ಪದರ ಬೇಕು. ಮಳೆಗಾಲದ ತೇವದಲ್ಲಿ, ಅದರಲ್ಲೂ ಕರಾವಳಿ, ಮಲೆನಾಡಿನಲ್ಲಿ, ಲ್ಯಾಕರ್ ಬಣ್ಣ ಬಿಳಿಚಿಕೊಳ್ಳುವ ಸಂಭವವಿದೆ. ಒಣ ಹವೆಯ ದಿನ ಕಾಯುವುದೇ ಮೇಲು. ಭಾರತದ ನಾಗರಿಕ ವಿಮಾನಗಳ ನೋಂದಣಿ ವಿಟಿ ಅಕ್ಷರಗಳಿಂದ ಆರಂಭವಾಗುತ್ತದೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದು ಡಿಕ್ಯಾಲ್ ಹಾಳೆಯ ಮೇಲೆ ಮುದ್ರಿಸಬಹುದು. ಸಾಮಾನ್ಯ ಪ್ರಿಂಟರ್ ಬಿಳಿ ಬಣ್ಣ ಮುದ್ರಿಸದ ಕಾರಣ ಬಿಳಿ ಅಕ್ಷರಗಳಿಗೆ ಕತ್ತರಿಸಿದ ಟೇಪಿನ ಮರೆ ಹಾಕಿಯೇ ಬಣ್ಣ ಊದಬೇಕು. ಕಲೆಗಳನ್ನು ಹಾಕುವಾಗ ವಿಮಾನದ ಬದುಕನ್ನು ನೆನೆಯಬೇಕು: ತೊಟ್ಟಿಯ ಬಾಯಿಯ ಸುತ್ತ ಚೆಲ್ಲಿದ ಪುಡಿಯ ಮಬ್ಬು, ಹೊಟ್ಟೆಯುದ್ದಕ್ಕೂ ಹಿಂದಕ್ಕೆ ಹರಿದ ದ್ರವದ ಗೆರೆ, ಎಂಜಿನ್ ಹೊಗೆಯ ಕಪ್ಪು, ಚಕ್ರಗಳ ಮೇಲೆ ಒಣಗಿದ ಮಣ್ಣು. ರೆಕ್ಕೆಯ ಮೇಲ್ಭಾಗ ಅಷ್ಟೇನೂ ಕೊಳೆಯಾಗಿರುವುದಿಲ್ಲ.

ಹೀಗೆ ಕಟ್ಟಿದ ಮಾದರಿಗೆ ಇಷ್ಟೆಲ್ಲ ಶ್ರಮದ ಜೊತೆ ಒಂದು ನೋಟ್ ಪುಸ್ತಕವೂ ಸೇರಬೇಕು. ಯಾವ ಅಳತೆ ಯಾವ ಮೂಲದಿಂದ ಬಂತು, ಯಾವುದು ಫೋಟೋದಿಂದ ಲೆಕ್ಕ ಹಾಕಿದ್ದು, ಯಾವುದು ಊಹೆ ಎಂಬುದನ್ನು ಅದರಲ್ಲಿ ಬರೆದಿಟ್ಟರೆ ಮುಂದೆ ಇದೇ ವಿಮಾನ ಕಟ್ಟುವವರು ಅಲ್ಲಿಂದ ಮುಂದುವರಿಯಬಹುದು. 39 ಮಾತ್ರ ತಯಾರಾದ ವಿಮಾನದ ಒಳ್ಳೆಯ ಚಿತ್ರಗಳು ಹೆಚ್ಚಿಲ್ಲ. ಬೆಂಗಳೂರಿನಲ್ಲಿ ಅದನ್ನು ಕಟ್ಟಿದ, ಹಾರಿಸಿದ, ರಿಪೇರಿ ಮಾಡಿದ ಕೈಗಳಿಗೆ ಈಗ ವಯಸ್ಸಾಗಿದೆ. ಅಂಥವರ ಮನೆಯ ಹಳೆಯ ಆಲ್ಬಮ್‌ನಲ್ಲಿ ಬಸಂತ್‌ನ ಒಂದು ಫೋಟೋ ಇದ್ದರೂ ಅದರ ಹಿಂದೆ ವರ್ಷ ಮತ್ತು ಜಾಗ ಬರೆದು, ಪ್ರತಿ ತೆಗೆಸಿ ಜೋಪಾನ ಮಾಡಿ.